ಬಜೆಟ್ ಕೊರತೆಯ ಕಣ್ಣು ಈ ಹಣದ ಮೇಲಿದೆ

ಚಟ ಹಿಡಿಸುವ ಓಪಿಯಾಯ್ಡ್ ನೋವುಮಾತ್ರೆಗಳನ್ನು ಎಗ್ಗಿಲ್ಲದೆ ಮಾರಿದ ಕಂಪನಿಗಳು ಅಮೆರಿಕದ ರಾಜ್ಯಗಳಿಗೂ ಸ್ಥಳೀಯ ಸರ್ಕಾರಗಳಿಗೂ ಹದಿನೆಂಟು ವರ್ಷಗಳ ಅವಧಿಯಲ್ಲಿ 5,000 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಕೊಡಲು ಒಪ್ಪಿವೆ. ಇದು ಸತ್ತವರ ಲೆಕ್ಕದಲ್ಲಿ ಬಂದ ಹಣ. 2023 ಒಂದರಲ್ಲೇ ಓಪಿಯಾಯ್ಡ್ ಸೇವನೆ ಮಿತಿಮೀರಿ ಪ್ರಾಣ ಬಿಟ್ಟವರು ಸುಮಾರು 80,000.

ಈ ಹಣ ದಾರಿ ತಪ್ಪುವ ಲಕ್ಷಣಗಳು ಈಗಲೇ ಕಾಣುತ್ತಿವೆ. 1998ರಲ್ಲಿ ಸಿಗರೇಟು ಕಂಪನಿಗಳು 46 ರಾಜ್ಯಗಳಿಗೆ ಕೊಡಲೊಪ್ಪಿದ ಭಾರಿ ಮೊತ್ತಕ್ಕೆ ಖರ್ಚಿನ ಕಟ್ಟುಪಾಡೇ ಇರಲಿಲ್ಲ. ಹೆಚ್ಚಿನದು ಬಜೆಟ್ಟುಗಳಲ್ಲಿ ಕರಗಿತು, ಧೂಮಪಾನ ಬಿಡಿಸುವ ಕೆಲಸಕ್ಕೆ ಸಿಕ್ಕಿದ್ದು ಚೂರುಪಾರು. ಆ ಅನುಭವದಿಂದಲೇ 2021ರ ದೊಡ್ಡ ಒಪ್ಪಂದದಲ್ಲಿ ಶೇ. 85ರಷ್ಟು ಹಣ ಓಪಿಯಾಯ್ಡ್ ಹಾವಳಿಯ ಪರಿಹಾರಕ್ಕೇ ಹೋಗಬೇಕೆಂದು ಬರೆದರು. ಆದರೆ ಆ ಶೇ. 85 ಎಲ್ಲಿ ಹೋಯಿತೆಂದು ಜನರ ಮುಂದಿಡುವ ಕಡ್ಡಾಯ ಮಾತ್ರ ಅದರಲ್ಲಿಲ್ಲ. ಟೆನೆಸಿಯ ಗ್ರೀನ್ ಕೌಂಟಿ 20 ಲಕ್ಷಕ್ಕೂ ಹೆಚ್ಚು ಡಾಲರನ್ನು ತನ್ನ ಸಾಲ ತೀರಿಸಲು ಬಳಸಿತು. ನ್ಯೂಜೆರ್ಸಿ 2025ರಲ್ಲಿ ಅಂಗೀಕರಿಸಿದ ಬಜೆಟ್ಟಿನಲ್ಲಿ 4.5 ಕೋಟಿ ಡಾಲರನ್ನು ದೊಡ್ಡ ಆಸ್ಪತ್ರೆ ಸಮೂಹಗಳಿಗೆ ಕೊಟ್ಟಿತು. ಈ ಹಣ ಗೆಲ್ಲಲು ರಾಜ್ಯದ ಪರವಾಗಿ ಹೋರಾಡಿದ ಅಟಾರ್ನಿ ಜನರಲ್ ಕಚೇರಿಯೇ ಅದನ್ನು ವಿರೋಧಿಸಿತ್ತು.

ಇನ್ನು ಮುಂದೆ ಈ ಹಣದ ಮೇಲಿನ ಆಸೆ ಹೆಚ್ಚುತ್ತದೆ. 2025ರ ಜುಲೈನ ಕೇಂದ್ರ ಕಾನೂನು ಬಡವರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇಯ್ಡ್‌ನ ಅನುದಾನವನ್ನು ಕತ್ತರಿಸಿದೆ. ಅದರ ದೊಡ್ಡ ಪೆಟ್ಟು ಬೀಳುವುದು 2027ರ ನಂತರ. ಚಟದ ಚಿಕಿತ್ಸೆಗೆ ದೇಶದಲ್ಲಿ ಅತಿ ಹೆಚ್ಚು ಹಣ ತೆರುವುದು ಇದೇ ಮೆಡಿಕೇಯ್ಡ್. ಖಜಾನೆ ಬರಿದಾದ ದಿನ ಶಾಸಕರ ಕೈ ಮೊದಲು ಹೋಗುವುದು ಪರಿಹಾರ ನಿಧಿಗೆ. ಆಗ ಹಳೆಯ ಕಾರ್ಯಕ್ರಮಕ್ಕೆ ಹೊಸ ಹಣ ತುಂಬಿ, ಚಿಕಿತ್ಸೆಯ ಒಂದೇ ಒಂದು ಹಾಸಿಗೆಯೂ ಹೆಚ್ಚದೆ, ಶೇ. 85ರ ಷರತ್ತು ಕಾಗದದ ಮೇಲೆ ಪೂರೈಸಿಬಿಡಬಹುದು. ನನಗೆ ಅತಿ ಹೆಚ್ಚು ಭಯವಿರುವುದು ಈ ಕಾನೂನುಬದ್ಧ ಸೋರಿಕೆಯ ಬಗ್ಗೆಯೇ.

ತಡೆಯಲು ಸಾಧ್ಯ ಎನ್ನುವುದಕ್ಕೆ ಓಹಾಯೊ ಸಾಕ್ಷಿ. ರಾಜ್ಯದ ಪಾಲಿನ ಅರ್ಧಕ್ಕಿಂತ ಹೆಚ್ಚು ಹಣ ಹಂಚುವ ಒನ್‌ಓಹಾಯೊ ಪ್ರತಿಷ್ಠಾನ, ತಾನು ಖಾಸಗಿ ಸಂಸ್ಥೆ, ದಾಖಲೆ ತೋರಿಸಬೇಕಿಲ್ಲ ಎಂದಿತು. ಹಾರ್ಮ್ ರಿಡಕ್ಷನ್ ಓಹಾಯೊ ಎಂಬ ಜನಸಂಘಟನೆ ಕೋರ್ಟಿಗೆ ಹೋಯಿತು. ದಾಖಲೆ ಕೊಡಲೇಬೇಕೆಂದು 2023ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಲೆಕ್ಕ ಬಯಲಿಗಿಡುವುದು ಕೋರ್ಟಿಗೆ ಹೋಗುವ ಮೊದಲೇ ಆಗಬೇಕಾದ ಕೆಲಸ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿ, ಚಟದಿಂದ ಹೊರಬಂದವರು ಹಣ ಹಂಚುವ ಸಮಿತಿಗಳಲ್ಲಿರಬೇಕು, ಅವರಿಗೆ ಮತದ ಹಕ್ಕಿರಬೇಕು. ಪ್ರತಿ ಡಾಲರಿನ ಲೆಕ್ಕ ಬಜೆಟ್ ಮಂಡನೆಗೆ ಮುನ್ನ ಪ್ರಕಟವಾಗಬೇಕು. ನ್ಯೂಜೆರ್ಸಿಯಲ್ಲಿ ನೆಲೆಸಿರುವ ಕನ್ನಡಿಗರೇ, ನಿಮ್ಮ ಕೌಂಟಿಯ ಸಭೆಗಳ ಬಾಗಿಲು ಸಾರ್ವಜನಿಕರಿಗೆ ತೆರೆದಿದೆ. ಮುಂದಿನ ಸಭೆಗೆ ಹೋಗಿ, ಈ ಹಣದ ಲೆಕ್ಕ ಕೇಳಿ.