ಮಾತು ಬಲ್ಲವರ ಮೆದುಳು



"ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ" ಎಂಬ ಗಾದೆಯನ್ನು ಮನೆಯ ಹಿರಿಯರ ಬಾಯಲ್ಲಿ ನೀವು ಕೇಳಿಯೇ ಇರುತ್ತೀರಿ. ಊಟಕ್ಕೂ ರೋಗಕ್ಕೂ ಇರುವ ನಂಟನ್ನು ವೈದ್ಯರು ಹೇಳುತ್ತಲೇ ಬಂದಿದ್ದಾರೆ. ಮಾತಿಗೂ ರೋಗಕ್ಕೂ ಏನಾದರೂ ನಂಟಿದೆಯೇ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡ ಒಂದು ದೊಡ್ಡ ಸಂಶೋಧನೆ ನಡೆದದ್ದು ನಮ್ಮ ಅವಳಿ ನಗರದಲ್ಲೇ, ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯಲ್ಲಿ. ಅದರ ಫಲಿತಾಂಶ ನಮ್ಮಂಥ ಹೊರನಾಡ ಕನ್ನಡಿಗರಿಗೆ ತುಂಬ ಹತ್ತಿರದ್ದು.

ಮೊದಲು ಕಾಯಿಲೆಯ ವಿಷಯ. ಹಿರಿಯರು ಲಕ್ವ ಎನ್ನುತ್ತಾರೆ, ತೆಲುಗು ನೆರೆಯವರು ಪಕ್ಷವಾತಂ ಎನ್ನುತ್ತಾರೆ, ನೀವು ಸ್ಟ್ರೋಕ್ ಎನ್ನುತ್ತೀರಿ. ಪುಸ್ತಕದ ಕನ್ನಡದಲ್ಲಿ ಅದು ಪಾರ್ಶ್ವವಾಯು. ಹೆಸರಿನಲ್ಲಿ ವಾಯು ಇದ್ದರೂ ಕಾಯಿಲೆ ರಕ್ತನಾಳದ್ದು. ಮೆದುಳಿಗೆ ರಕ್ತ ಒಯ್ಯುವ ನಾಳ ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋಗಬಹುದು, ಇಲ್ಲವೇ ಒಡೆದು ರಕ್ತ ಸೋರಬಹುದು. ಆ ಭಾಗದ ಮೆದುಳು ಯಾವ ಕೆಲಸ ಮಾಡುತ್ತಿತ್ತೋ ಆ ಕೆಲಸ ನಿಲ್ಲುತ್ತದೆ: ಕೈಕಾಲಿನ ಶಕ್ತಿ, ದೃಷ್ಟಿ, ನೆನಪು, ಮಾತು. ಹೆಚ್ಚಿನವರಲ್ಲಿ ಮಾತಿನ ಕೇಂದ್ರಗಳಿರುವುದು ಮೆದುಳಿನ ಎಡಭಾಗದಲ್ಲಿ. ಅಲ್ಲಿ ಪೆಟ್ಟಾದರೆ ಪದಗಳು ಸಿಕ್ಕುವುದಿಲ್ಲ, ಅಥವಾ ಕೇಳಿದ್ದು ಅರ್ಥವಾಗುವುದಿಲ್ಲ. ಇದನ್ನು ವೈದ್ಯರು ಅಫೇಸಿಯಾ ಎನ್ನುತ್ತಾರೆ.

ಈಗ ನಿಮ್ಸ್‌ನ ಸಂಶೋಧನೆಗೆ ಬರೋಣ. ನರರೋಗ ತಜ್ಞೆ ಡಾ. ಸುವರ್ಣ ಅಲ್ಲಾಡಿ, ಡಾ. ಸುಭಾಷ್ ಕೌಲ್ ಮತ್ತು ಸಂಗಡಿಗರು, ಎಡಿನ್‌ಬರೋ ವಿಶ್ವವಿದ್ಯಾಲಯದ ಥಾಮಸ್ ಬಾಕ್ ಅವರೊಂದಿಗೆ ಸೇರಿ, 2006ರಿಂದ 2013ರವರೆಗೆ ಆಸ್ಪತ್ರೆಯ ದಾಖಲೆಗೆ ಬಂದ 608 ಪಾರ್ಶ್ವವಾಯು ರೋಗಿಗಳನ್ನು ಪರಿಶೀಲಿಸಿದರು. ಒಂದೇ ಭಾಷೆ ಆಡುವವರೆಷ್ಟು, ಎರಡು ಅಥವಾ ಹೆಚ್ಚು ಭಾಷೆ ಆಡುವವರೆಷ್ಟು ಎಂದು ವಿಂಗಡಿಸಿ, ಕಾಯಿಲೆಯ ನಂತರ ಅವರ ಬುದ್ಧಿಶಕ್ತಿ ಹೇಗಿದೆ ಎಂದು ನೋಡಿದರು. ಎರಡು ಭಾಷೆಯವರಲ್ಲಿ 100ಕ್ಕೆ 40.5 ಮಂದಿಯ ಬುದ್ಧಿಶಕ್ತಿ ಸಹಜವಾಗಿ ಉಳಿದಿತ್ತು. ಒಂದೇ ಭಾಷೆಯವರಲ್ಲಿ ಅಂಥವರು 100ಕ್ಕೆ 19.6 ಮಾತ್ರ. ವಯಸ್ಸು, ವಿದ್ಯಾಭ್ಯಾಸ, ಜೀವನಶೈಲಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಈ ವ್ಯತ್ಯಾಸ ಹಾಗೆಯೇ ಇತ್ತು. ವರದಿ 2016ರಲ್ಲಿ 'ಸ್ಟ್ರೋಕ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಇದಕ್ಕೂ ಮೊದಲು, 2013ರಲ್ಲಿ, ನಿಮ್ಸ್‌ನ 648 ಮರೆವಿನ ಕಾಯಿಲೆಯ ರೋಗಿಗಳನ್ನು ನೋಡಿದಾಗ, ಎರಡು ಭಾಷೆಯವರಲ್ಲಿ ಆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡದ್ದು ತಿಳಿದಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಲಾಭ ಕಂಡಿತ್ತು.

ಇದು ಹೇಗೆ ಸಾಧ್ಯ? ನಿಮ್ಮ ಒಂದು ದಿನವನ್ನೇ ನೋಡಿ. ಮೋಂಡಾ ಮಾರ್ಕೆಟ್ಟಿನಲ್ಲಿ ತರಕಾರಿಯವರೊಂದಿಗೆ ತೆಲುಗು, ಆಟೋದವರೊಂದಿಗೆ ದಖನಿ, ಆಫೀಸಿನಲ್ಲಿ ಇಂಗ್ಲಿಷ್, ಮನೆಗೆ ಬಂದರೆ ಅಜ್ಜಿಯೊಂದಿಗೆ ಕನ್ನಡ. ಪ್ರತಿ ಸಲವೂ ಮೆದುಳು ಒಂದು ಭಾಷೆಯನ್ನು ಮುಂದೆ ತಂದು ಉಳಿದವನ್ನು ಹಿಂದೆ ಸರಿಸಬೇಕು. ಈ ನಿತ್ಯದ ಸಾಧನೆಯಿಂದ ಮೆದುಳಿಗೆ ಒಂದು ಮೀಸಲು ಶಕ್ತಿ ಬರುತ್ತದೆ, ಪೆಟ್ಟು ಬಿದ್ದಾಗ ಅದು ನೆರವಿಗೆ ಬರುತ್ತದೆ ಎಂಬುದು ಸಂಶೋಧಕರ ಊಹೆ.

ಆದರೆ ಹಿಗ್ಗುವ ಮೊದಲು ಎರಡು ಮಾತು ನೆನಪಿರಲಿ. ಎರಡು ಭಾಷೆ ಬಲ್ಲವರಿಗೆ ಪಾರ್ಶ್ವವಾಯು ಬರುವುದೇ ಇಲ್ಲ ಎಂದು ಯಾರೂ ಹೇಳಿಲ್ಲ. ಅಫೇಸಿಯಾ ಕೂಡ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಂಡಿತು. ಇನ್ನೊಂದು, ಇದು ಆಸ್ಪತ್ರೆಗೆ ಬಂದವರನ್ನು ಹೋಲಿಸಿ ನೋಡಿದ ಅಧ್ಯಯನ. ಮರೆವಿನ ಕಾಯಿಲೆಯ ಬಗ್ಗೆ ಬೇರೆ ದೇಶಗಳಲ್ಲಿ ನಡೆದ ಕೆಲವು ಅಧ್ಯಯನಗಳಲ್ಲಿ ಈ ಲಾಭ ಕಂಡಿಲ್ಲ. ಆದ್ದರಿಂದ ಕನ್ನಡವನ್ನು ಔಷಧಿಯೆಂದು ಮಾರುವುದು ಬೇಡ. ಆದರೆ ಪಾರ್ಶ್ವವಾಯು ಬಂದ ಮನೆಯಲ್ಲಿ ನಿಮ್ಮ ಕನ್ನಡಕ್ಕೆ ನಿಶ್ಚಿತವಾದ ಕೆಲಸವಿದೆ.

ಈ ಕಾಯಿಲೆಯಲ್ಲಿ ಗಡಿಯಾರವೇ ದೊಡ್ಡ ವೈದ್ಯ. ಮೆದುಳಿನ ದೊಡ್ಡ ನಾಳ ಮುಚ್ಚಿಹೋದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಲಾಗಿದೆ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ಪ್ರಯೋಜನವಿದೆಯೆಂದು 1995ರಲ್ಲಿ ಅಮೆರಿಕದ ಪ್ರಯೋಗ ತೋರಿಸಿತು. 2008ರಲ್ಲಿ ಯುರೋಪಿನ ಪ್ರಯೋಗ ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ದೊಡ್ಡ ನಾಳದ ಹೆಪ್ಪನ್ನು ತೆಳು ಕೊಳವೆಯಿಂದ ಹೊರಗೆಳೆಯುವ ಚಿಕಿತ್ಸೆ 2015ರ ಪ್ರಯೋಗಗಳಿಂದ ಸ್ಥಿರವಾಯಿತು. ಆಯ್ದ ಕೆಲವರಿಗೆ 24 ಗಂಟೆಯವರೆಗೂ ಇದನ್ನು ಮಾಡಬಹುದೆಂದು 2018ರಲ್ಲಿ ತಿಳಿಯಿತು. ಇಷ್ಟೆಲ್ಲ ಇದ್ದರೂ, ಬೇಗ ಬಂದವರಿಗೆ ಲಾಭ ಹೆಚ್ಚು ಎಂಬ ಮಾತು ಬದಲಾಗಿಲ್ಲ.

ಮುಖ ಒಂದು ಕಡೆ ಜೋತು ಬಿದ್ದಿದೆಯೇ, ಎರಡೂ ಕೈ ಎತ್ತಿದಾಗ ಒಂದು ಕೆಳಗಿಳಿಯುತ್ತದೆಯೇ, ಮಾತು ತೊದಲುತ್ತಿದೆಯೇ ನೋಡಿ. ಮಾತನ್ನು ಪರೀಕ್ಷಿಸುವಾಗ ಅಜ್ಜನಿಗೆ ಅಭ್ಯಾಸವಿರುವ ಭಾಷೆಯಲ್ಲೇ ಕೇಳಿ. ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲವೆಂದರೆ ಅದು ಕಾಯಿಲೆಯೋ ಭಾಷೆಯೋ ತಿಳಿಯುವುದಿಲ್ಲ. ಮೂರರಲ್ಲಿ ಒಂದು ಲಕ್ಷಣ ಹಠಾತ್ತಾಗಿ ಕಂಡರೂ ಗಡಿಯಾರ ನೋಡಿ, 108ಕ್ಕೆ ಫೋನ್ ಮಾಡಿ. ಈ ಸೇವೆ 2005ರ ಆಗಸ್ಟ್ 15ರಂದು ಅಂದಿನ ಆಂಧ್ರಪ್ರದೇಶದಲ್ಲೇ ಆರಂಭವಾದದ್ದು. ಬಾಯಿಗೆ ನೀರು, ಕಾಫಿ, ಆಸ್ಪಿರಿನ್ ಮಾತ್ರೆ ಯಾವುದನ್ನೂ ಹಾಕಬೇಡಿ. ನಾಳ ಮುಚ್ಚಿದೆಯೋ ಒಡೆದಿದೆಯೋ ಎಂಬುದು ಸ್ಕ್ಯಾನ್ ಮಾಡಿದ ಮೇಲೆಯೇ ಗೊತ್ತಾಗುವುದು.

ಆಸ್ಪತ್ರೆಯಲ್ಲಿ ನಿಮ್ಮ ಪಾತ್ರ ಇನ್ನೂ ದೊಡ್ಡದು. ನರ್ಸಮ್ಮನಿಗೆ ತೆಲುಗು ಬರುತ್ತದೆ, ಡಾಕ್ಟರಿಗೆ ತೆಲುಗು, ಹಿಂದಿ, ಇಂಗ್ಲಿಷ್ ಬರುತ್ತದೆ. ಬೀದರಿನಿಂದಲೋ ರಾಯಚೂರಿನಿಂದಲೋ ಬಂದು ನೆಲೆಸಿದ ಅಜ್ಜಿ ಆ ಹೊತ್ತಿನಲ್ಲಿ ಕನ್ನಡವನ್ನೇ ಆಡಿದರೆ, ಅದು ಸರಿಯಾದ ಕನ್ನಡವೋ ಅರ್ಥವಿಲ್ಲದ ಬಡಬಡಿಕೆಯೋ ಎಂದು ಹೇಳಬಲ್ಲವರು ಯಾರು? ಪಕ್ಕದಲ್ಲಿ ನಿಂತಿರುವ ಮೊಮ್ಮಗ, ಮೊಮ್ಮಗಳು ಮಾತ್ರ. ಎರಡು ವಿಷಯ ತಪ್ಪದೆ ಹೇಳಿ: ಕೊನೆಯ ಬಾರಿ ಅವರು ಸರಿಯಾಗಿದ್ದುದು ಎಷ್ಟು ಗಂಟೆಗೆ, ಮತ್ತು ಅವರ ಮನೆಮಾತು ಕನ್ನಡ.

ಮುಂದೆ ಮಾತಿನ ಚಿಕಿತ್ಸೆಯಲ್ಲೂ ಹಾಗೆಯೇ. ಎರಡು ಭಾಷೆ ಬಲ್ಲವರಲ್ಲಿ ಅನೇಕ ಸಲ ಎರಡೂ ಜೊತೆಯಾಗಿ ಮರಳುತ್ತವೆ. ಕೆಲವರಲ್ಲಿ ಒಂದು ಮುಂದೆ, ಇನ್ನೊಂದು ಹಿಂದೆ. ಆದ್ದರಿಂದ ಮನೆಮಾತಿನಲ್ಲೂ ಪರೀಕ್ಷೆ, ಅಭ್ಯಾಸ ಆಗಬೇಕೆಂದು ಕೇಳಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಕನ್ನಡದಲ್ಲಿ ಇಂಥ ಪರೀಕ್ಷೆಗಳನ್ನು ಬೆಳೆಸಿದೆ. ನೆನಪು, ಬುದ್ಧಿಶಕ್ತಿ ಅಳೆಯಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷೆಗಳು ತೆಲುಗಿನಂತೆ ಕನ್ನಡದಲ್ಲೂ ಇವೆ. ಚಿಕಿತ್ಸಕರಿಗೆ ಕನ್ನಡ ಬಾರದಿದ್ದರೆ ಅವರ ಮಾರ್ಗದರ್ಶನದಲ್ಲಿ ನೀವೇ ಕೂತು ಅಭ್ಯಾಸ ಮಾಡಿಸಬಹುದು: ಲೋಟ, ಚಮಚ, ಬಾಗಿಲು, ಮಕ್ಕಳ ಹೆಸರು. ಓದಿಸಬೇಕಾದರೆ ನಿಮಗೆ ಅಕ್ಷರ ಬರಬೇಕು. ಮಾತು ಬರುತ್ತದೆ, ಲಿಪಿ ಬಾರದು ಎನ್ನುವವರು ನಿಮ್ಮಲ್ಲಿ ಅನೇಕರು. ಕಲಿಯಲು ಇದಕ್ಕಿಂತ ಬಲವಾದ ಕಾರಣ ನನಗೆ ಗೊತ್ತಿಲ್ಲ.

ಇನ್ನು ಬರದಂತೆ ತಡೆಯುವ ಮಾತು. 32 ದೇಶಗಳ ಸುಮಾರು 27,000 ಜನರನ್ನು ಒಳಗೊಂಡ 2016ರ ಅಧ್ಯಯನದ ಪ್ರಕಾರ, ಪಾರ್ಶ್ವವಾಯುವಿನ 100ಕ್ಕೆ 90 ಪಾಲು ನಾವು ಬದಲಿಸಬಹುದಾದ ಹತ್ತು ಕಾರಣಗಳಿಗೆ ಸೇರಿದ್ದು. ಅವುಗಳಲ್ಲಿ ಮೊದಲನೆಯದು ರಕ್ತದೊತ್ತಡ. 2021ರಲ್ಲಿ ಚೀನಾದ 600 ಹಳ್ಳಿಗಳಲ್ಲಿ ಅಡಿಗೆಯ ಉಪ್ಪಿನ ಒಂದು ಪಾಲಿಗೆ ಪೊಟ್ಯಾಸಿಯಂ ಲವಣ ಬೆರೆಸಿ ಕೊಟ್ಟಾಗ ಪಾರ್ಶ್ವವಾಯು 100ಕ್ಕೆ 14ರಷ್ಟು ಇಳಿಯಿತು. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂಥ ಉಪ್ಪು ಬಳಸಬಾರದು. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಲು ಮಾತ್ರ ಯಾರ ಅಪ್ಪಣೆಯೂ ಬೇಡ.

ಈ ಭಾನುವಾರ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರ ಬಿ.ಪಿ. ನೋಡಿಸಿ, ಒಂದು ಹಾಳೆಯಲ್ಲಿ ಬರೆದಿಡಿ. ಅದೇ ಹಾಳೆಯಲ್ಲಿ ಅವರು ಸೇವಿಸುವ ಮಾತ್ರೆಗಳ ಹೆಸರೂ ಹತ್ತಿರದ ಸ್ಕ್ಯಾನ್ ಇರುವ ಆಸ್ಪತ್ರೆಯ ನಂಬರೂ ಇರಲಿ. ಬರೆಯುತ್ತ ಅವರೊಂದಿಗೆ ಅರ್ಧ ಗಂಟೆ ಕನ್ನಡದಲ್ಲಿ ಹರಟೆ ಹೊಡೆಯಿರಿ. ಅವರ ಎಂದಿನ ಮಾತು ಹೇಗಿರುತ್ತದೆಂದು ನಿಮಗೆ ಗೊತ್ತಿದ್ದರೆ ತಾನೇ, ಅದು ಕೆಟ್ಟ ದಿನ ನಿಮಗೆ ಮೊದಲು ತಿಳಿಯುವುದು!