ಯಾರ ಕಡೆಯಿಂದ ಬಂತು ಅನ್ನೋ ಮಾತು ಬಿಡಿ



ಈ ಸಲ ಮಾವಿನಕಾಯಿ ಉಪ್ಪಿನಕಾಯಿ ವರ್ಷವಿಡೀ ಕೆಡದ ಹಾಗೆ ಇಡುವ ಬಗೆ ಬರೆಯಬೇಕು ಅಂತಿದ್ದೆ. ಆದರೆ ಓದುಗರೊಬ್ಬರ ಕಾಗದ ಹದಿನೈದು ದಿನದಿಂದ ನನ್ನ ಮನಸ್ಸನ್ನು ಕೊರೀತಾ ಇದೆ. ಅದಕ್ಕೇ ಮೊದಲು ಉತ್ತರ ಬರೆದುಬಿಡ್ತೀನಿ. ಇದು ಅವರೊಬ್ಬರಿಗೇ ಸೇರಿದ ಮಾತೂ ಅಲ್ಲ.

ಅವರ ಮೊದಲ ಮಗುವಿಗೆ ವರ್ಷ ತುಂಬುವ ಮೊದಲೇ ಎರಡೂ ಕಣ್ಣಿನಲ್ಲಿ ಕ್ಯಾನ್ಸರ್ ಕಾಣಿಸಿಕೊಂಡಿತಂತೆ. ಒಂದು ಕಣ್ಣು ತೆಗೆಸಬೇಕಾಯಿತು, ಇನ್ನೊಂದು ಉಳಿಯಿತು. ಈಗ ಆ ತಾಯಿಗೆ ಮತ್ತೆ ಐದು ತಿಂಗಳು. ಮೊದಲ ಮಗುವಿನ ರಕ್ತ ತೆಗೆಸಿ ಜೀನ್ ಪರೀಕ್ಷೆ ಮಾಡಿಸಿ ಅಂತ ಡಾಕ್ಟರು ಹೇಳಿದ್ದಾರೆ. ಮನೆಯವರು ಮಾತ್ರ ಬೇಡ ಅಂತಾರೆ. ದೋಷ ಸೊಸೆಯ ತೌರಿನದು ಅನ್ನೋದೂ ಅವರೇ, ಸುದ್ದಿ ಹೊರಗೆ ಹೋದರೆ ತಮ್ಮ ಮಗಳಿಗೆ ಗಂಡು ಸಿಗಲ್ಲ ಅಂತ ಹೆದರೋದೂ ಅವರೇ! ಏನು ಮಾಡಲಿ ಅಂತ ಕೇಳಿದ್ದಾರೆ.

ನಾನು ಎಸ್ಸೆಸ್ಸೆಲ್ಸಿ ತನಕ ಓದಿದ ಗೃಹಿಣಿ, ಡಾಕ್ಟರಲ್ಲ. ನಮ್ಮ ಬಳಗದ ಒಂದು ಕೂಸಿಗೆ ಇದೇ ಕಾಯಿಲೆ ಬಂದಾಗ ಆಸ್ಪತ್ರೆಗೆ ಓಡಾಡಿ, ಕೇಳಿ ಕೇಳಿ ತಿಳಿದುಕೊಂಡದ್ದನ್ನು ಹೇಳ್ತೀನಿ.

ಈ ಕಾಯಿಲೆಯ ಹೆಸರು ರೆಟಿನೊಬ್ಲಾಸ್ಟೊಮ. ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಬೆಳೆಯುವ ಗೆಡ್ಡೆ. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೇ ಬರೋದು. ಇದನ್ನು ತಡೆಯೋಕೆ ನಮ್ಮ ಮೈಯ ಜೀವಕೋಶಗಳಲ್ಲಿ ಆರ್‌ಬಿ1 ಎಂಬ ಜೀನು ಜೋಡಿಯಾಗಿ ಇರುತ್ತೆ; ತಾಯಿಯಿಂದ ಒಂದು, ತಂದೆಯಿಂದ ಒಂದು. ಹಿತ್ತಿಲ ಬಾಗಿಲಿಗೆ ಎರಡು ಚಿಲಕ ಇದ್ದ ಹಾಗೆ ಅಂದುಕೊಳ್ಳಿ. ಎರಡೂ ಮುರಿದರೆ ತಾನೇ ಕಳ್ಳ ಒಳಗೆ ಬರೋದು? ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಒಂದು ಚಿಲಕ ಮುರಿದಿರುತ್ತೆ. ಉಳಿದದ್ದು ಕಣ್ಣಿನ ಯಾವುದೋ ಕೋಶದಲ್ಲಿ ಕೆಟ್ಟರೆ ಸಾಕು, ಗೆಡ್ಡೆ ಶುರುವಾಗುತ್ತೆ. 1971ರಲ್ಲಿ ಅಮೆರಿಕದ ಡಾಕ್ಟರ್ ಆಲ್‌ಫ್ರೆಡ್ ನಡ್ಸನ್ ಈ ವಿಚಾರವನ್ನು ಲೆಕ್ಕ ಹಾಕಿ ಮುಂದಿಟ್ಟರು. ಜೀನು ಕೈಗೆ ಸಿಕ್ಕಿದ್ದು 1986ರಲ್ಲಿ.

ಈ ಕಾಯಿಲೆಯ ನೂರು ಮಕ್ಕಳಲ್ಲಿ ಸುಮಾರು 40 ಮಂದಿಗೆ ಇದು ಹುಟ್ಟಿನಿಂದ ಬಂದ ದೋಷ. ಎರಡೂ ಕಣ್ಣಿಗೆ ಬಂದಿದ್ದರೆ ಹಾಗೇ ಅಂತ ತಿಳಿಯಬೇಕು.

ಹಾಗಾದರೆ ತಾಯಿಯ ತಪ್ಪೇ? ಖಂಡಿತ ಅಲ್ಲ. ನೂರರಲ್ಲಿ ಸುಮಾರು 90 ಮಕ್ಕಳ ಮನೆತನದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇರೋದಿಲ್ಲ. ಹುಟ್ಟಿನ ದೋಷವಿದ್ದರೂ ಬಹಳಷ್ಟು ಸಲ ಅದು ಆ ಮಗುವಿನಲ್ಲೇ ಹೊಸದಾಗಿ ಆದದ್ದು. ಹಾಗೆ ಹೊಸದಾಗಿ ಆದಾಗ ಹೆಚ್ಚಾಗಿ ತಂದೆಯಿಂದ ಬಂದ ಜೀನಿನಲ್ಲೇ ಆಗಿರುತ್ತೆ ಅಂತ ವಿಜ್ಞಾನ ಹೇಳುತ್ತೆ. ಹಾಗಂತ ಗಂಡನ ಮೇಲೆ ಹೊರಿಸಬೇಡಿ, ಅದು ಅವರ ಕೈಯಲ್ಲೂ ಇರಲಿಲ್ಲ. ಸೋದರಮಾವನನ್ನು ಮದುವೆಯಾದದ್ದಕ್ಕೆ ಬಂತು ಅನ್ನೋದೂ ಈ ಕಾಯಿಲೆಯ ಮಟ್ಟಿಗೆ ಸರಿಯಲ್ಲ. ಬಸುರಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಪರೀಕ್ಷೆ ಇರೋದು ಯಾರ ಕಡೆಯಿಂದ ಬಂತು ಅಂತ ಪಂಚಾಯ್ತಿ ಮಾಡೋಕಲ್ಲ ಕಣ್ರೀ, ಮುಂದಿನ ಮಗುವಿನ ಕಣ್ಣು ಕಾಯೋಕೆ.

ಮೊದಲು ಕಾಯಿಲೆ ಬಂದ ಮಗುವಿನ ರಕ್ತವನ್ನೇ ನೋಡಬೇಕು. ದೋಷ ಎಲ್ಲಿದೆ ಅಂತ ಅಲ್ಲಿ ಸಿಕ್ಕಿದರೆ, ಅದನ್ನೇ ಅಪ್ಪ ಅಮ್ಮನ ರಕ್ತದಲ್ಲಿ ಹುಡುಕುತ್ತಾರೆ. ಇಬ್ಬರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅದು ದಾಟುವ ಸಂಭವ ಅರ್ಧಕ್ಕರ್ಧ. ಹಾಗೆ ದಾಟಿದ ಹತ್ತು ಮಕ್ಕಳಲ್ಲಿ ಒಂಬತ್ತಕ್ಕೆ ಸಾಮಾನ್ಯವಾಗಿ ಗೆಡ್ಡೆ ಬರುತ್ತೆ. ಇಬ್ಬರಲ್ಲೂ ಇಲ್ಲದಿದ್ದರೆ ಭಯ ಬಹಳ ಕಡಿಮೆ, ಆದರೆ ಪೂರ್ತಿ ಹೋಗೋದಿಲ್ಲ. ಆದ್ದರಿಂದ ಹೊಸ ಕೂಸು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತದಲ್ಲೂ ನೋಡಿಸಬಹುದು.

ದೋಷ ಇಲ್ಲ ಅಂತ ಬಂದರೆ ಆ ಕೂಸು ನಿಶ್ಚಿಂತೆ. ಇದೆ ಅಂತ ಬಂದರೆ ಹುಟ್ಟಿದ ವಾರದಲ್ಲೇ ಕಣ್ಣಿನ ತಪಾಸಣೆ ಶುರುಮಾಡಿ, ಗೆಡ್ಡೆ ಸಾಸಿವೆಯಷ್ಟಿರುವಾಗಲೇ ಲೇಸರ್ ಅಥವಾ ಶೈತ್ಯ ಚಿಕಿತ್ಸೆ ಕೊಟ್ಟು ಕಣ್ಣನ್ನೂ ದೃಷ್ಟಿಯನ್ನೂ ಉಳಿಸಬಹುದು. ಪರೀಕ್ಷೆಯನ್ನೇ ಮಾಡಿಸದಿದ್ದರೆ? ದೋಷವಿಲ್ಲದ ಕೂಸನ್ನೂ ವರ್ಷಗಟ್ಟಲೆ ಮತ್ತೆ ಮತ್ತೆ ಮತ್ತು ಕೊಟ್ಟು ಮಲಗಿಸಿ ನೋಡಬೇಕಾಗುತ್ತೆ. ಇದಕ್ಕಿಂತ ಹಿಂಸೆ ಬೇಕೇ?

ಒಂದೇ ಕಣ್ಣಿಗೆ ಬಂದ ಮಕ್ಕಳಲ್ಲೂ ನೂರಕ್ಕೆ ಸುಮಾರು 15 ಮಂದಿಗೆ ಹುಟ್ಟಿನ ದೋಷವಿರುತ್ತೆ. ಅಂಥ ಕಡೆ ಕಣ್ಣು ತೆಗೆದಿದ್ದರೆ ಆ ಗೆಡ್ಡೆಯ ಚೂರನ್ನೂ ಪರೀಕ್ಷೆಗೆ ಕಳಿಸೋಕೆ ಆಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

ಕಾಗದ ಬರೆದ ಸೋದರಿಗೆ ನನ್ನ ಮಾತು ಇಷ್ಟು: ವರದಿ ಬರೋಕೆ ವಾರಗಳು ಹಿಡಿಯುತ್ತೆ, ಹೆರಿಗೆಯ ತನಕ ಕಾಯಬೇಡಿ. ಬೆಂಗಳೂರಿನ ನಾರಾಯಣ ನೇತ್ರಾಲಯ, ಚೆನ್ನೈನ ಶಂಕರ ನೇತ್ರಾಲಯ, ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಗಳಲ್ಲಿ ಈ ಕಾಯಿಲೆ ಬಲ್ಲ ಡಾಕ್ಟರುಗಳಿದ್ದಾರೆ. ಅತ್ತೆಯವರನ್ನೂ ಜೊತೆಗೇ ಕರೆದುಕೊಂಡು ಹೋಗಿ. ನಾವು ನೂರು ಸಲ ಹೇಳಿದರೂ ಕೇಳದ್ದನ್ನು ಡಾಕ್ಟರ ಬಾಯಲ್ಲಿ ಒಂದು ಸಲ ಕೇಳಿದರೆ ಹಿರಿಯರು ನಂಬ್ತಾರೆ. ನಾದಿನಿಯ ವಿಚಾರಕ್ಕೂ ಅಲ್ಲೇ ಉತ್ತರ ಸಿಗುತ್ತೆ. ನಿಮ್ಮ ಯಜಮಾನರ ರಕ್ತದಲ್ಲಿ ದೋಷವಿಲ್ಲ ಅಂತಾದರೆ ಆ ಹುಡುಗಿಗೆ ಇದರಿಂದ ಯಾವ ಭಯವೂ ಇಲ್ಲ. ಸುಮ್ಮನೆ ಮುಚ್ಚಿಟ್ಟರೆ ಅನುಮಾನ ಮಾತ್ರ ಉಳಿಯುತ್ತೆ.

ಮಿಕ್ಕ ಸೋದರಿಯರೂ ಕೇಳಿ. ಮಗುವಿನ ಕಣ್ಣಿನ ಪಾಪೆ ಮಬ್ಬು ಬೆಳಕಿನಲ್ಲಿ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆದರೆ, ಫೋಟೋದಲ್ಲಿ ಒಂದು ಕಣ್ಣು ಕೆಂಪಾಗಿ ಇನ್ನೊಂದು ಬಿಳಿಯಾಗಿ ಬಂದರೆ, ಹೊಸದಾಗಿ ಮೆಳ್ಳೆಗಣ್ಣು ಕಂಡರೆ, ಅದೃಷ್ಟದ ಗುರುತು ಅಂತ ಸುಮ್ಮನಿರಬೇಡಿ. ಅದೇ ವಾರ ಕಣ್ಣಿನ ಡಾಕ್ಟರಿಗೆ ತೋರಿಸಿ.

ಹುಟ್ಟಿನ ದೋಷವಿರುವ ಮಕ್ಕಳಿಗೆ ಮುಂದೆ ಮೂಳೆಯ ಕ್ಯಾನ್ಸರಿನಂಥ ಬೇರೆ ತೊಂದರೆಗಳ ಸಂಭವವೂ ಉಳಿದವರಿಗಿಂತ ಹೆಚ್ಚು. ಆದ್ದರಿಂದ ಆ ವರದಿಯನ್ನು ಜಾತಕದ ಜೊತೆಗೇ ಜೋಪಾನವಾಗಿ ಇಡಿ. ಮಗು ದೊಡ್ಡದಾದ ಮೇಲೆ ಅದರ ಕೈಗೇ ಕೊಟ್ಟು ವಿಷಯ ತಿಳಿಸಿ ಹೇಳಿ.