ನೀರಿಗೆ ಲೆಕ್ಕವಿದೆ, ಉಪ್ಪಿಗೆ ಇಲ್ಲ

ಹೇಮಾವತಿ ನದಿಯ ನೀರನ್ನು ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿರೋಧಿಸಿ 2025ರ ಮೇ ಕೊನೆಯಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ಕಡೆಯ ರೈತರು ಬೀದಿಗಿಳಿದರು. ನಮ್ಮ ಪಾಲು ಬರಲೇಬೇಕೆಂಬುದು ಕುಣಿಗಲ್‌ನವರ ಪಟ್ಟು. ಜಗಳವೆಲ್ಲ ಎಷ್ಟು ಟಿಎಂಸಿ ಎಂಬುದರದ್ದೇ. ನೀರಿನಲ್ಲಿ ಕರಗಿರುವುದರ ಮಾತು ಬರುವುದೇ ಅಪರೂಪ.

ಹುಲಿಯೂರುದುರ್ಗದಂಥ ಬಂಡೆ ಸೀಮೆಯಲ್ಲಿ ಬೋರ್ ನೀರು ಕಾಯಿಸುವ ಹಂಡೆಯ ತಳ ನೋಡಿ. ಕೆರೆದರೂ ಬಿಡದ ಬಿಳಿ ಪದರ ಕಟ್ಟಿರುತ್ತದೆ. ಮನೆಗೆ ಅದು ಬರೀ ಕಿರಿಕಿರಿ. ಬಾಯ್ಲರಿನ ಕೊಳವೆಯಲ್ಲಿ ಅದೇ ಪದರ ಕಟ್ಟಿದರೆ ಶಾಖ ನೀರಿಗೆ ಸರಿಯಾಗಿ ದಾಟುವುದಿಲ್ಲ. ಲೋಹ ಮಿತಿಮೀರಿ ಕಾದು ಉಬ್ಬಿ ಒಡೆಯಬಹುದು. ಔಷಧ, ಲೋಹಲೇಪನದ ಘಟಕಗಳಿಗೂ ಲವಣವಿಲ್ಲದ ನೀರೇ ಬೇಕು. ಹಾಗಾಗಿ ಆರ್‌ಒ (ರಿವರ್ಸ್ ಆಸ್ಮೋಸಿಸ್), ಡಿಎಂ (ಡಿಮಿನರಲೈಸೇಷನ್) ಪ್ಲಾಂಟ್‌ಗಳು.

ಲವಣ ತೆಗೆದೆವು ಎನ್ನುತ್ತೇವೆ. ಅದು ಹೋಗುವುದೆಲ್ಲಿಗೆ? ಲೀಟರಿಗೆ 1,000 ಮಿಲಿಗ್ರಾಂ ಲವಣವಿರುವ ಒಂದು ಲಕ್ಷ ಲೀಟರ್ ನೀರಿನಲ್ಲಿ 100 ಕೆ.ಜಿ. ಉಪ್ಪಿರುತ್ತದೆ. ಆರ್‌ಒದಲ್ಲಿ 70 ಸಾವಿರ ಲೀಟರ್ ಶುದ್ಧವಾಗಿ ಬಂದರೆ, ಹೆಚ್ಚುಕಡಿಮೆ ಅಷ್ಟೂ ಉಪ್ಪು ಮಿಕ್ಕ 30 ಸಾವಿರ ಲೀಟರಿಗೆ ಸೇರುತ್ತದೆ. ಆಗ ಆ ನೀರಿನ ಲವಣ ಲೀಟರಿಗೆ ಸುಮಾರು 3,300 ಮಿಲಿಗ್ರಾಂ ಆಗುತ್ತದೆ. ಬೇರೆ ಮೂಲವಿಲ್ಲದಾಗ ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಗರಿಷ್ಠ ಮಿತಿಯೇ 2,000.

ಡಿಎಂ ಪ್ಲಾಂಟ್‌ನ ಕತೆ ಇನ್ನೂ ವಿಚಿತ್ರ. ಅಲ್ಲಿ ಎರಡು ಬಗೆಯ ರೆಸಿನ್ ಮಣಿಗಳು ಲವಣಗಳನ್ನು ಹಿಡಿದುಕೊಳ್ಳುತ್ತವೆ. ಮಣಿಗಳು ತುಂಬಿದಾಗ ಒಂದನ್ನು ಆ್ಯಸಿಡ್‌ನಿಂದ, ಇನ್ನೊಂದನ್ನು ಕಾಸ್ಟಿಕ್ ಸೋಡಾದಿಂದ ತೊಳೆಯಬೇಕು, ಅದೂ ಲೆಕ್ಕಕ್ಕಿಂತ ಹೆಚ್ಚೇ ಸುರಿದು. ಹೀಗಾಗಿ ನೀರಿನಿಂದ ತೆಗೆದದ್ದಕ್ಕಿಂತ ಹೆಚ್ಚು ಉಪ್ಪು ಚರಂಡಿಯ ಬಾಯಿಗೆ ಬರುತ್ತದೆ! ಎರಡೂ ತೊಳೆನೀರನ್ನು ಬೆರೆಸಿ ತಟಸ್ಥಗೊಳಿಸಿದ ಮಾತ್ರಕ್ಕೆ ಉಪ್ಪು ಮಾಯವಾಗದು.

ಕರಾವಳಿಯ ಕಾರ್ಖಾನೆಗಾದರೆ ಪಕ್ಕದಲ್ಲಿ ಸಮುದ್ರವಿದೆ. ಗುಬ್ಬಿ, ಕುಣಿಗಲ್‌ನ ಹಳ್ಳಗಳು ಶಿಂಷಾ ನದಿಯ ಕಡೆಗೆ ಹರಿಯುತ್ತವೆ, ದಾರಿಯುದ್ದಕ್ಕೂ ಕೆರೆ, ತೋಟ, ಬೋರ್‌ವೆಲ್. ಹನಿ ನೀರೂ ಹೊರಬಿಡದ ವ್ಯವಸ್ಥೆ ಸಾಧ್ಯ, ಆದರೆ ಆವಿಯಾಗಿಸಲು ವಿದ್ಯುತ್, ಉಗಿಯ ಖರ್ಚು ಭಾರಿ. ಕೊನೆಗುಳಿದ ಕಲಬೆರಕೆ ಉಪ್ಪನ್ನು ದಾಬಸ್‌ಪೇಟೆಯಲ್ಲಿರುವಂಥ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಸಾಗಿಸಬೇಕು. ಕಾರ್ಖಾನೆಗಳನ್ನಷ್ಟೇ ದೂರುವುದೂ ಸರಿಯಲ್ಲ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದ ಹಿಂದಿನ ಪೈಪು ಎಲ್ಲಿಗೆ ಹೋಗುತ್ತದೆಂದು ಕೇಳಿದವರು ಎಷ್ಟು ಮಂದಿ?

ಉಪ್ಪು ಕಡಿಮೆಯಿರುವ ನೀರು ತಲೆಯ ಮೇಲೇ ಬೀಳುತ್ತದೆ. ಸಾವಿರ ಚದರ ಮೀಟರ್ ಶೀಟಿನ ಚಾವಣಿಯ ಮೇಲೆ 600 ಮಿ.ಮೀ. ಮಳೆಯಾದರೆ ಆರು ಲಕ್ಷ ಲೀಟರ್. ವರ್ಷಪೂರ್ತಿ ಸಾಲದು ನಿಜ, ಆದರೆ ಅದು ಒದಗುವಷ್ಟು ದಿನ ರೆಸಿನ್ ತೊಳೆಯುವ ಸರದಿ ದೂರವಾಗುತ್ತದೆ. ವಸಂತನರಸಾಪುರ, ಅಂಚೇಪಾಳ್ಯದ ಕೈಗಾರಿಕಾ ಪ್ರದೇಶಗಳಲ್ಲಿ ಶೆಡ್ಡುಗಳಿಗೇನು ಕೊರತೆಯೇ?

ನೀರು ಮಂಜೂರು ಮಾಡುವ ಇಲಾಖೆಗಳು ಲೀಟರಿನ ಜತೆ ಕೆ.ಜಿ.ಯನ್ನೂ ಬರೆಸಿಕೊಳ್ಳಲಿ: ಎಷ್ಟು ಉಪ್ಪು ಬಂತು, ಎಷ್ಟು ಆ್ಯಸಿಡ್, ಕಾಸ್ಟಿಕ್ ಸೇರಿತು, ಎಲ್ಲಿಗೆ ಹೋಯಿತು. ಮಾಲಿನ್ಯ ನಿಯಂತ್ರಣ ಮಂಡಳಿ ಆ ಲೆಕ್ಕವನ್ನು ಪ್ರತಿ ತಿಂಗಳು ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಾಕಿಸಲಿ.